ಪ್ರಾಗ್‌ನಲ್ಲಿ ಒಳಗೆ, ವಿಯೆನ್ನಾದಲ್ಲಿ ಹೊರಗೆ

ಆ ಸಿನಿಮಾದ ಹೀರೋ ಪ್ರಾಗ್‌ನಲ್ಲಿ ಒಂದು ಬಾಗಿಲು ನೂಕಿ ಒಳಗೆ ಹೋಗುತ್ತಾನೆ. ವಿಯೆನ್ನಾದಲ್ಲಿ ಮೆಟ್ಟಿಲು ಹತ್ತಿ ಮಾಡಿನ ಮೇಲೆ ಬರುತ್ತಾನೆ. ಅಲ್ಲಿಂದ ಹಾರಿ ಬುಡಾಪೆಸ್ಟಿನ ಒಂದು ಸೇತುವೆಗೆ ಬಂದು ಹೊಳೆಗೆ ಬೀಳುತ್ತಾನೆ. ಸಿನಿಮಾದಲ್ಲಿ ಇದು ಮೂರು ನಿಮಿಷದ ಕೆಲಸ. ಊರೂ ಒಂದೇ, ಅದಕ್ಕೆ ಯಾವ ಭೂಪಟದಲ್ಲೂ ಇಲ್ಲದ ಒಂದು ಹೆಸರು ಬೇರೆ. ಅದು ಒಂದು ಊರಲ್ಲ, ಮೂರು ಊರುಗಳನ್ನು ಕತ್ತರಿಸಿ ಹೊಲಿದದ್ದು ಎಂದು ಬಹರೈನಿನ ಗುದೈಬಿಯಾದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕುಳಿತು ಕಂಡುಹಿಡಿದವಳು ನನ್ನ ಮಗಳು. ಆಗ ಅವಳಿಗೆ ಹನ್ನೆರಡು ವರ್ಷ. ಆ ಜಾಗಗಳನ್ನು ಕಣ್ಣಾರೆ ನೋಡಬೇಕು ಎಂಬುದು ಅವಳ ಹಠ. ತೋರಿಸುತ್ತೇನೆ ಎಂದು ಮಾತು ಕೊಟ್ಟವನು ನಾನು.

ತೊಂಬತ್ತರ ದಶಕ ಮುಗಿಯಲು ಬಂದಿತ್ತು. ನಾನು ಮನಾಮಾದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್, ವೀಸಾ ನೋಡಿಕೊಳ್ಳುತ್ತಿದ್ದೆ. ಜನರನ್ನು ಲಂಡನ್ನಿಗೆ, ಫ್ರಾಂಕ್‌ಫರ್ಟಿಗೆ ಕಳಿಸಿ, ಸಂಜೆ ನಡೆದುಕೊಂಡು ಮನೆಗೆ ಬರುವ ಕೆಲಸ. ಹನ್ನೊಂದು ವರ್ಷದಲ್ಲಿ ನಾನು ನೋಡಿದ ವಿದೇಶವೆಂದರೆ ಬಹರೈನ್ ಒಂದೇ. ಆಫೀಸಿನಲ್ಲಿ ಹಳೆಯದಾದ ಪ್ರವಾಸದ ಪುಸ್ತಕಗಳನ್ನು, ವಿಮಾನದಲ್ಲಿ ಕೊಡುವ ಮ್ಯಾಗಜಿನ್‌ಗಳನ್ನು ಎಸೆಯುವ ಬದಲು ಮಗಳಿಗೆ ತಂದುಕೊಡುತ್ತಿದ್ದೆ. ಅವುಗಳಿಂದಲೇ ಇಷ್ಟೆಲ್ಲ ಆಗುತ್ತದೆಂದು ನನಗೇನು ಗೊತ್ತು.

ಕ್ಯಾಸೆಟ್ ನಮ್ಮ ಕಟ್ಟಡದ ಕೆಳಗಿದ್ದ ವಿಡಿಯೋ ಲೈಬ್ರರಿಯದು. ಹಗಲು ಗಡಿಯಾರ ರಿಪೇರಿ ಮಾಡುತ್ತ, ಊರಿಗೆ ಆಪತ್ತು ಬಂದಾಗ ನೀಲಿ ಮೇಲಂಗಿ ಹೊದ್ದು ಹಾರುವ ಒಬ್ಬನ ಕಥೆ. ಸಿನಿಮಾದ ಹೆಸರು ಹೇಳಿ ಪ್ರಯೋಜನವಿಲ್ಲ, ಹೇಳುವ ಮನಸ್ಸೂ ನನಗಿಲ್ಲ. ಲೈಬ್ರರಿಯವನು ಒಂದು ಕ್ಯಾಸೆಟ್ಟಿನಲ್ಲಿ ಎರಡು ಸಿನಿಮಾ ಹಿಡಿಸುವ ಆಸೆಗೆ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯನ್ನು ಕತ್ತರಿಸಿಬಿಡುತ್ತಿದ್ದ. ಹಾಗಾಗಿ ಅದನ್ನು ಎಲ್ಲಿ ತೆಗೆದರು ಎಂದು ಓದಿ ತಿಳಿಯುವ ದಾರಿ ಇರಲಿಲ್ಲ. ಮೂರನೆಯ ಸಲ ನೋಡುವಾಗ ಮಗಳು ಟಿವಿಯ ಮುಂದೆ ಎದ್ದು ನಿಂತಳು.

"ಪಪ್ಪ, ಇವರು ಚೀಟ್ ಮಾಡ್ತಿದ್ದಾರೆ. ಈ ರೋಡಿನಲ್ಲಿ ಟ್ರಾಮ್ ಹಳದಿ ಉಂಟು. ಕಾರ್ನರ್ ತಿರುಗಿದ ಕೂಡಲೇ ಕೆಂಪು ಆಯ್ತು."

ನಾನು ಪೇಪರಿನಿಂದ ತಲೆ ಎತ್ತದೆ, "ಎರಡು ಬಣ್ಣದ್ದು ಇರ್ಬಹುದು ಮಗಾ" ಎಂದೆ. ಅವಳು ಬಿಡುವವಳಲ್ಲ. ವಿಸಿಆರ್ ನಿಲ್ಲಿಸಿ, ನಡುಗುವ ಚಿತ್ರದ ಮುಂದೆ ಮೂಗು ಒತ್ತಿ ಕೂತು, ಗೋಪುರ, ದೀಪದ ಕಂಬ, ಕಿಟಕಿಯ ಕಮಾನು ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದುಕೊಂಡಳು. ಶಾಲೆಯ ಲೈಬ್ರರಿಯ ವಿಶ್ವಕೋಶ, ನಾನು ತಂದುಕೊಟ್ಟ ಪುಸ್ತಕಗಳು, ಇವನ್ನೆಲ್ಲ ಎದುರಿಗಿಟ್ಟುಕೊಂಡು ಒಂದೊಂದೇ ಹೋಲಿಸಿದಳು. ನಾಲ್ಕು ತಿಂಗಳಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ತುಂಬಿತು. ಎಡಪುಟದಲ್ಲಿ ಸಿನಿಮಾದ ದೃಶ್ಯದ ಚಿತ್ರ, ಬಲಪುಟದಲ್ಲಿ ಅದು ನಿಜವಾಗಿ ಇರುವ ಜಾಗ, ಊರು, ಬೀದಿ, ಗೊತ್ತಿಲ್ಲದ ಕಡೆ ದೊಡ್ಡ ಪ್ರಶ್ನೆ ಚಿಹ್ನೆ. ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಓದಲು ನಾನೇ ಕಲಿಸಿದ್ದೆ, ಆದರೆ ಅವಳಿಗೆ ಕೈ ಓಡುತ್ತಿದ್ದದ್ದು ಇಂಗ್ಲಿಷಿನಲ್ಲೇ.

"ಇದು ನೋಡಿ ಪಪ್ಪ, ಪ್ರಾಗ್‌ನಲ್ಲಿ ಒಳಗೆ ಹೋಗಿ ವಿಯೆನ್ನಾದಲ್ಲಿ ಹೊರಗೆ ಬರ್ತಾನೆ. ಅವನಿಗೆ ವೀಸಾ ಬೇಡ" ಎಂದು ನಕ್ಕಳು. ಟ್ರಾವೆಲ್ ಏಜೆಂಟಿನ ಮಗಳು, ತಮಾಷೆಯೂ ಆ ಕಸುಬಿನದೇ.

ಒಂದು ದಿನ ಆ ನೋಟ್‌ಬುಕ್ಕನ್ನು ಆಫೀಸಿಗೆ ಒಯ್ದೆ. ಹೆಮ್ಮೆಗೆ ಒಯ್ದದ್ದು, ಬೇರೆ ಯಾವ ಉದ್ದೇಶವೂ ಇರಲಿಲ್ಲ. ನಮ್ಮ ಮ್ಯಾನೇಜರು ನಮ್ಮ ಕರಾವಳಿಯವರೇ. ಬಹರೈನಿನ ಕನ್ನಡದವರ ಮದುವೆ, ಪೂಜೆ, ಯಕ್ಷಗಾನ ಎಲ್ಲದರಲ್ಲೂ ಮುಂದಿನ ಸಾಲಿನ ಕುರ್ಚಿ ಅವರದು. ಅವರು ಪುಟ ತಿರುವಿದರು. ಮೊದಲು ಬಾಯಿ ಚಪ್ಪರಿಸಿದರು, ಆಮೇಲೆ ಕನ್ನಡಕ ಹಾಕಿಕೊಂಡರು. ಅವರು ಕನ್ನಡಕ ಹಾಕಿಕೊಂಡರೆ ಅಲ್ಲಿ ವ್ಯಾಪಾರ ಉಂಟು ಎಂದರ್ಥ.

"ಇದು ಎಂತ ಮಾರಾಯ್ರೆ, ಬಂಗಾರ! ಬಹರೈನಿನ ಎಲ್ಲಾ ಮಕ್ಕಳೂ ಈ ಸಿನಿಮಾ ನೋಡಿ ಹುಚ್ಚಾಗಿದ್ದಾರೆ. ನಮ್ಮ ಫ್ಯಾಮಿಲಿಯವರಿಗೆ ಒಂದು ಟೂರ್ ಮಾಡಿದ್ರೆ ಹೇಗೆ? ಮೂರು ಊರು, ಹತ್ತು ದಿನ, ಬೇಸಿಗೆ ರಜೆಯಲ್ಲಿ."

"ಮಗಳಿಗೂ ಭಾರೀ ಆಸೆ ಸರ್" ಎಂದೆ.

"ಆಸೆ ಎಂತ? ಕರ್ಕೊಂಡೇ ಹೋಗಿ. ಗ್ರೂಪಿನ ಜೊತೆ ನಮ್ಮ ಆಫೀಸಿನವರು ಒಬ್ಬರು ಹೋಗ್ಲೇಬೇಕು. ನೀವೇ ಹೋಗಿ. ಮಗಳಿಗೆ ಸ್ಟಾಫ್ ಟಿಕೆಟ್ ಮಾಡುವ."

ಆ ಸಂಜೆ ನಾನು ಮನೆಗೆ ನಡೆದುಕೊಂಡು ಬಂದೆನೋ ಹಾರಿಕೊಂಡು ಬಂದೆನೋ ಗೊತ್ತಿಲ್ಲ. ಮಗಳಿಗೆ ಹೇಳಿದಾಗ ಅವಳು ಕುಣಿಯಲಿಲ್ಲ, ಕಿರುಚಲಿಲ್ಲ. ನೋಟ್‌ಬುಕ್ ತೆಗೆದು ಪ್ರಶ್ನೆ ಚಿಹ್ನೆ ಇದ್ದ ಪುಟಗಳಿಗೆಲ್ಲ ಬಣ್ಣದ ಕಾಗದ ಅಂಟಿಸಿದಳು. ಅಲ್ಲಿಗೆ ಹೋದ ಮೇಲೆ ನೋಡಿ ತುಂಬಿಸಬೇಕಾದ ಜಾಗಗಳು ಅವು ಎಂದಳು.

ಮ್ಯಾನೇಜರು ನೋಟ್‌ಬುಕ್ಕಿನ ಜೆರಾಕ್ಸ್ ತೆಗೆಸಿಕೊಂಡು ಮೂಲವನ್ನು ವಾಪಸು ಕೊಟ್ಟರು. ಒಂದು ಶುಕ್ರವಾರ ಬಾಡಿಗೆಯ ಹಾಲಿನಲ್ಲಿ ಕುಟುಂಬಗಳನ್ನೆಲ್ಲ ಕರೆದು ಸಭೆ ಮಾಡಿದರು. ಗೋಡೆಯ ಮೇಲೆ ಸ್ಲೈಡ್ ಹಾಕಿ, ಕೋಲು ಹಿಡಿದು, ಇದು ಹೀರೋ ನಿಂತ ಬಾಗಿಲು, ಇದು ಅವನು ಹತ್ತಿದ ಮೆಟ್ಟಿಲು ಎಂದು ಯಕ್ಷಗಾನದ ಭಾಗವತರ ಹಾಗೆ ಏರಿ ಇಳಿದು ಹೇಳಿದರು. "ಇದೆಲ್ಲ ನಮ್ಮ ಆಫೀಸಿನವರು ಆರು ತಿಂಗಳು ರಿಸರ್ಚ್ ಮಾಡಿ ಹುಡುಕಿದ್ದು" ಎಂದರು. ಜನ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಮಗಳು ನನ್ನ ಮುಖ ನೋಡಿದಳು. ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮದ್ದಾಗುತ್ತದೆ, ಬೇರೆಯವರು ಕಿತ್ತು ಕುಪ್ಪಿಗೆ ತುಂಬಿ ತಮ್ಮ ಹೆಸರು ಅಂಟಿಸಿದರೆ ಚೆನ್ನಾಗಿಯೇ ಆಗುತ್ತದೆ.

"ಅವರು ನನ್ನ ಹೆಸರು ಹೇಳ್ಲಿಲ್ಲ" ಎಂದಳು ಹೊರಗೆ ಬಂದ ಮೇಲೆ.

"ದೊಡ್ಡವರು ಹಾಗೇ ಮಗಾ. ನೀನು ಹೋಗ್ತೀಯಲ್ಲ, ಅದು ಮುಖ್ಯ."

ಈ ಮಾತು ಹೇಳುವಾಗ ನನಗೆ ಅದರಲ್ಲಿ ಪೂರ್ತಿ ನಂಬಿಕೆ ಇತ್ತು.

ಇಪ್ಪತ್ತು ಮಂದಿ ಹೆಸರು ಕೊಟ್ಟರು. ನಾನು ಎಲ್ಲರಿಗೂ ಹಂಚಲು ಎರಡು ಪುಟದ ಸುತ್ತೋಲೆ ಟೈಪ್ ಮಾಡಿದೆ. ಒಂದು ಪುಟದಲ್ಲಿ ನೋಡುವ ಜಾಗಗಳು, ಇನ್ನೊಂದರಲ್ಲಿ ವೀಸಾದ ವಿವರ. ಚೆಕ್, ಆಸ್ಟ್ರಿಯಾ, ಹಂಗೇರಿ ಎಂದು ಮೂರು ದೇಶ, ಮೂರು ವೀಸಾ. ಪಾಸ್‌ಪೋರ್ಟುಗಳು ಒಂದು ರಾಯಭಾರ ಕಚೇರಿಯಿಂದ ಇನ್ನೊಂದಕ್ಕೆ, ಅದೂ ಬೇರೆ ದೇಶಕ್ಕೆ ಕೊರಿಯರಿನಲ್ಲಿ ಹೋಗಿ ಬರಬೇಕು. ಅದಕ್ಕೆ ಬೇಕಾದ ಕಾಗದಗಳನ್ನೆಲ್ಲ ಬರೆದು, ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಹಾಕಿದೆ: ತಾಯಿಯ ಪಾಸ್‌ಪೋರ್ಟಿನಲ್ಲಿ ಹೆಸರಿರುವ ಮಕ್ಕಳು ತಾಯಿಯ ಜೊತೆಗಲ್ಲದೆ ಪ್ರಯಾಣ ಮಾಡುವಂತಿಲ್ಲ, ಅಂಥವರಿಗೆ ಕೂಡಲೇ ಪ್ರತ್ಯೇಕ ಪಾಸ್‌ಪೋರ್ಟ್ ಮಾಡಿಸತಕ್ಕದ್ದು. ಆ ಕಾಲದಲ್ಲಿ ಮಕ್ಕಳ ಹೆಸರು, ಫೋಟೋ ಎರಡನ್ನೂ ತಾಯಿಯ ಪಾಸ್‌ಪೋರ್ಟಿನಲ್ಲೇ ಬರೆದು ಅಂಟಿಸಿ ಮುದ್ರೆ ಒತ್ತಿಸುವ ಪದ್ಧತಿ ಇತ್ತು. ಊರಿಗೆ ಹೋಗುವಾಗ ತಾಯಿ ಮಕ್ಕಳು ಹೇಗೂ ಒಟ್ಟಿಗೆ ಹೋಗುವವರು, ಎರಡೆರಡು ಪುಸ್ತಕ ಯಾಕೆ ಎಂದು ಯಾರೂ ಬೇರೆ ಮಾಡಿಸುತ್ತಿರಲಿಲ್ಲ. ನಾನು ಒಂದೊಂದು ಮನೆಗೂ ಫೋನ್ ಮಾಡಿ ಈ ಸಾಲನ್ನು ಓದಿ ಹೇಳಿದೆ. ಎರಡು ಕುಟುಂಬದವರು ಓಡಿ ಹೋಗಿ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟರು. ಒಬ್ಬರು ನನ್ನ ಕೈ ಹಿಡಿದು ಉಪಕಾರ ಆಯಿತು ಎಂದರು.

ಸುತ್ತೋಲೆಯ ಒಂದು ಪ್ರತಿ ನಮ್ಮ ಊಟದ ಮೇಜಿನ ಮೇಲೂ ಬಿದ್ದಿತ್ತು. ಹೆಂಡತಿ ತೊಂಡೆಕಾಯಿ ಹೆಚ್ಚುತ್ತ ಅದನ್ನು ಓದಿದಳು.

"ಇದು ನೀವೇ ಟೈಪ್ ಮಾಡಿದ್ದಾ?"

"ಮತ್ತೆ?"

"ನಮ್ಮ ಮಗಳು ಯಾರ ಪಾಸ್‌ಪೋರ್ಟಿನಲ್ಲಿ ಇರುದು ಅಂತ ಗೊತ್ತುಂಟಲ್ಲ ನಿಮಗೆ?"

ದೀಪದ ಬುಡ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಊರವರ ಪಾಸ್‌ಪೋರ್ಟುಗಳನ್ನು ಪುಟ ಪುಟ ತಿರುವಿ ನೋಡುವ ನಾನು ನನ್ನ ಮಗಳ ಫೋಟೋ ಎಲ್ಲಿ ಅಂಟಿದೆ ಎಂಬುದನ್ನು ಮರೆತಿದ್ದೆ. ಹೆಂಡತಿಯ ಪಾಸ್‌ಪೋರ್ಟ್ ಮನೆಯಲ್ಲೂ ಇರಲಿಲ್ಲ. ಅವಳು ಸನದ್ ಎಂಬಲ್ಲಿನ ಒಂದು ಪೀಠೋಪಕರಣದ ಶೋರೂಮಿನ ಆಫೀಸಿನಲ್ಲಿ ಟೈಪಿಸ್ಟ್. ಅಲ್ಲಿ ದುಡಿಯುವ ಹೊರದೇಶದವರೆಲ್ಲರ ಹಾಗೆ ಅವಳ ಪಾಸ್‌ಪೋರ್ಟೂ ಆಫೀಸಿನ ಕಬ್ಬಿಣದ ಕಪಾಟಿನಲ್ಲಿ. ರಜೆ ಎರಡು ವರ್ಷಕ್ಕೊಮ್ಮೆ, ಹಿಂದಿನ ವರ್ಷವಷ್ಟೇ ಊರಿಗೆ ಹೋಗಿ ಬಂದಾಗಿತ್ತು. ಅವಳು ನಮ್ಮ ಜೊತೆ ಬರುವ ಮಾತೇ ಇರಲಿಲ್ಲ.

ದಾರಿ ಇರಲಿಲ್ಲ ಎಂದಲ್ಲ. ಮರುದಿನವೇ ಅವಳು ತನ್ನ ಆಫೀಸಿನಲ್ಲಿ ಕೇಳಿದಳು. ಅಲ್ಲಿಯ ದೊಡ್ಡವರು ಕೆಟ್ಟವರಲ್ಲ. ಹತ್ತು ದಿನದ ಮಟ್ಟಿಗೆ ಪಾಸ್‌ಪೋರ್ಟ್ ಕೊಡುತ್ತೇನೆ, ಆದರೆ ಅದು ವಾಪಸು ಬರುತ್ತದೆಂದು ನಿನ್ನ ಗಂಡನ ಕಂಪನಿಯಿಂದ ಒಂದು ಜಾಮೀನು ಪತ್ರ ತಾ ಎಂದರು. ಗಲ್ಫಿನಲ್ಲಿ ಇದು ಹೊಸತಲ್ಲ. ಒಂದು ಕಾಗದಕ್ಕೆ ಇನ್ನೊಂದು ಕಾಗದ ಜಾಮೀನು. ಪಾಸ್‌ಪೋರ್ಟ್ ಕೈಗೆ ಬಂದರೆ ಭಾರತದ ರಾಯಭಾರ ಕಚೇರಿಗೆ ಹೋಗಿ ಮಗಳ ಹೆಸರು ತೆಗೆಸಿ ಬೇರೆ ಪುಸ್ತಕ ಮಾಡಿಸಬಹುದು. ಅರ್ಜಿಗಳು ಕೊರಿಯರಿಗೆ ಹೋಗಲು ಇನ್ನೂ ಐದು ವಾರ ಇತ್ತು. ನಾನು ಮಾಡಬೇಕಾದದ್ದು ಒಂದೇ. ಮ್ಯಾನೇಜರ ಹತ್ತಿರ ಹೋಗಿ, ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆಸಿಕೊಂಡು ಬರುವುದು.

ನಾನು ಕೇಳಲಿಲ್ಲ.

ಇಷ್ಟು ವರ್ಷ ಇದಕ್ಕೆ ಬೇರೆ ಬೇರೆ ಕಾರಣ ಹೇಳಿಕೊಂಡಿದ್ದೇನೆ. ಮೊದಲನೆಯ ದಿನ ಕ್ಯಾಬಿನ್ನಿನೊಳಗೆ ಹೋದಾಗ ಅವರು ಯಾರೋ ಗಿರಾಕಿಗೆ "ಇವರು ನಮ್ಮ ಯುರೋಪ್ ಎಕ್ಸ್‌ಪರ್ಟ್" ಎಂದು ನನ್ನನ್ನು ಪರಿಚಯಿಸಿದರು. ಯುರೋಪ್ ಎಕ್ಸ್‌ಪರ್ಟ್ ಹೇಗೆ ತನ್ನ ಮಗಳಿಗೇ ಪಾಸ್‌ಪೋರ್ಟ್ ಇಲ್ಲ ಎನ್ನುವುದು? ಎರಡನೆಯ ಸಲ ಹೋದಾಗ ಅವರು ಡ್ರೈವರಿಗೆ ಬೈಯುತ್ತಿದ್ದರು, ಅವನೂ ಯಾವುದೋ ಪತ್ರ ಕೇಳಿದ್ದ. "ಎಲ್ರಿಗೂ ಒಂದೊಂದು ಲೆಟರ್ ಕೊಡ್ತಾ ಕೂತ್ರೆ ನಾನು ಅಂಗಡಿ ಮುಚ್ಚಿ ಪೋಸ್ಟಾಫೀಸು ತೆಗೀಬೇಕು" ಎನ್ನುತ್ತಿದ್ದರು. ಮೂರನೆಯ ಸಲ ಅವರು ಒಬ್ಬರೇ ಇದ್ದರು, ಚಹಾ ಕೂಡ ತರಿಸಿದರು. ನಾನು ಹೋಟೆಲಿನ ಬೆಳಗಿನ ತಿಂಡಿಯಲ್ಲಿ ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ ಎಂಬ ವಿಷಯ ಮಾತಾಡಿ ಎದ್ದು ಬಂದೆ.

ನಿಜ ಹೇಳಿಬಿಡುತ್ತೇನೆ. ಆ ಮನುಷ್ಯನ ಸ್ವಭಾವ ನನಗೆ ಗೊತ್ತಿತ್ತು. ಯಾರಾದರೂ ಒಂದು ಕೇಳಿದರೆ, ಕೊಟ್ಟ ಇನ್ನೊಂದನ್ನು ವಾಪಸು ತೆಗೆದುಕೊಳ್ಳುವವರು. ಮಗಳ ರಗಳೆ ಇದ್ದರೆ ನೀವು ಬೇಡ, ಕೌಂಟರಿನ ಹುಡುಗ ಹೋಗಲಿ ಎಂದುಬಿಟ್ಟರೆ? ನನಗೂ ಯುರೋಪು ನೋಡಬೇಕಿತ್ತು. ಹನ್ನೊಂದು ವರ್ಷ ಬೇರೆಯವರಿಗೆ ಟಿಕೆಟ್ ಮಾಡಿದವನಿಗೆ ಒಮ್ಮೆ ತನ್ನ ಹೆಸರಿನ ಟಿಕೆಟ್ ಬೇಕಿತ್ತು. ಅದನ್ನು ಯಾರ ಹತ್ತಿರವೂ ಹೇಳಲಿಲ್ಲ, ನನ್ನ ಹತ್ತಿರವೂ ಹೇಳಿಕೊಳ್ಳಲಿಲ್ಲ. ದಿನಾ ಸಂಜೆ ಹೆಂಡತಿ "ಕೇಳಿದ್ರಾ?" ಎನ್ನುವಳು. ನಾನು "ನಾಳೆ" ಎನ್ನುವೆ. ನಾಳೆ ನಾಳೆ ಎನ್ನುವ ಅರಬ್ಬರ ಬುಕ್ರಾ ಬುಕ್ರಾ ಕೇಳಿ ನಗುತ್ತಿದ್ದವನು ನಾನೇ.

ಮಗಳು ಮಾತ್ರ ತಯಾರಾಗುತ್ತಿದ್ದಳು. ಅರಾದ್‌ನಲ್ಲಿದ್ದ ಗೆಳತಿಯ ಮನೆಯಿಂದ ಒಂದು ಕೋಟು ಸಾಲ ತಂದಳು. ಬೇಸಿಗೆಯಲ್ಲಿ ಅಲ್ಲಿ ಚಳಿ ಇರುವುದಿಲ್ಲ ಎಂದರೆ ಕೇಳಲಿಲ್ಲ. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಇವಳು ಏಸಿ ಹಾಕಿಕೊಂಡು ಕನ್ನಡಿಯ ಮುಂದೆ ಕೋಟು ಹಾಕಿ ನಿಲ್ಲುವಳು. ಅದನ್ನು ನೋಡಿಕೊಂಡೂ ನಾನು ಸುಮ್ಮನಿದ್ದೆ.

ಕೊರಿಯರಿನ ಹಿಂದಿನ ದಿನ ಕೊನೆಗೂ ಬಾಯಿ ಬಿಟ್ಟೆ. ಮ್ಯಾನೇಜರು ಪೂರ್ತಿ ಕೇಳಿ ಕುರ್ಚಿಗೆ ಒರಗಿದರು.

"ಇಷ್ಟು ದಿವಸ ಎಂತ ಮಾಡ್ತಿದ್ರಿ ನೀವು? ಮೊದ್ಲೇ ಹೇಳಿದ್ರೆ ಅರ್ಧ ಗಂಟೆಯ ಕೆಲಸ. ಒಂದು ಲೆಟರ್ ತಾನೆ?"

"ತಪ್ಪಾಯ್ತು ಸರ್."

"ಈಗ ಆಗುದಿಲ್ಲ. ಇಪ್ಪತ್ತು ಜನರ ಪೇಪರ್ ಒಬ್ಬಳಿಗೋಸ್ಕರ ನಿಲ್ಲಿಸ್ಲಿಕ್ಕೆ ಆಗ್ತದಾ? ನೀವು ಹೋಗಿ ಬನ್ನಿ. ಅವಳನ್ನು ಮುಂದಿನ ವರ್ಷ ನೋಡುವ."

ಒಂದು ಲೆಟರ್ ತಾನೆ! ಐದು ವಾರ ನಾನು ಹೆದರಿದ್ದು ಬಾಗಿಲೇ ಇಲ್ಲದ ಗೋಡೆಗೆ ಎಂದುಕೊಂಡಿದ್ದೆ. ತಳ್ಳಿದ್ದರೆ ತೆರೆಯುತ್ತಿತ್ತು. ಆ ಗಳಿಗೆಯಲ್ಲೂ ಒಂದು ದಾರಿ ಉಳಿದಿತ್ತು. ಹಾಗಾದರೆ ನಾನೂ ಹೋಗುವುದಿಲ್ಲ ಸರ್ ಎನ್ನಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಬಂದಿರಲಿಲ್ಲ. ನಾನು ನನ್ನ ಪಾಸ್‌ಪೋರ್ಟನ್ನು ಉಳಿದವುಗಳ ಜೊತೆ ಕಟ್ಟಿ ಲಕೋಟೆಗೆ ಹಾಕಿದೆ.

ಮನೆಯಲ್ಲಿ ಹೇಳುವುದು ಹೇಗೆ ಎಂದು ಯೋಚಿಸಿದೆ. ಯೋಚಿಸಿದಷ್ಟೂ ನನಗೆ ಅನುಕೂಲವಾದ ಮಾತೇ ಹೊಳೆಯಿತು. ವೀಸಾಗಳು ಬಂದ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ.

"ಮಗಾ, ನಿನಗೆ ವೀಸಾ ಸಿಗ್ಲಿಲ್ಲ."

ಅವಳ ಕೈ ತಟ್ಟೆಯಲ್ಲೇ ನಿಂತಿತು. "ನನಗೆ ಮಾತ್ರವಾ?"

"ಹೌದು."

"ಯಾಕೆ ಪಪ್ಪ? ನಾನು ಎಂತ ಮಾಡಿದ್ದೆ?"

"ಅವರು ಕಾರಣ ಹೇಳುದಿಲ್ಲ."

"ಮೂರು ದೇಶದವರೂ ಬೇಡ ಹೇಳಿದ್ರಾ?"

"ಮೂರೂ" ಎಂದೆ. ಸುಳ್ಳು ಒಂದು ಸಲ ಹೇಳಿದ ಮೇಲೆ ಲೆಕ್ಕ ಕಡಿಮೆ ಮಾಡಿ ಏನು ಪ್ರಯೋಜನ? ಮಗಳು ಅಳಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಕೋಣೆಗೆ ಹೋದಳು. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ತೊಳೆಯುತ್ತ ನನಗೆ ಬೆನ್ನು ಹಾಕಿಯೇ ಹೇಳಿದಳು:

"ಸುಳ್ಳು ಹೇಳಿದ್ದು ನೀವು. ನಾನು ಬಾಯಿ ಬಿಡುದಿಲ್ಲ, ಅವಳಿಗೆ ಇನ್ನೂ ಬೇಜಾರಾಗ್ತದೆ ಅಂತ. ನಿಮ್ಮ ಮುಖ ನೋಡಿ ಅಲ್ಲ."

ಕೋಟನ್ನು ಅರಾದ್‌ಗೆ ವಾಪಸು ಕೊಟ್ಟು ಬಂದವಳೂ ಅವಳೇ.

ಪ್ರವಾಸದ ಬಗ್ಗೆ ಹೆಚ್ಚು ಹೇಳಲಾರೆ. ಕುಕ್ಕರು, ಅಕ್ಕಿ, ಮಿಡಿ ಉಪ್ಪಿನಕಾಯಿ ಹೊತ್ತುಕೊಂಡು ಇಪ್ಪತ್ತು ಮಂದಿ ಹೊರಟರು. ಮಕ್ಕಳೆಲ್ಲರಿಗೂ ಗುದೈಬಿಯಾದ ಒಬ್ಬ ದರ್ಜಿಯ ಹತ್ತಿರ ಒಂದೇ ಥಾನಿನ ನೀಲಿ ಬಟ್ಟೆಯಲ್ಲಿ ಮೇಲಂಗಿ ಹೊಲಿಸಿದ್ದರು. ಪ್ರಾಗ್‌ನ ಆ ಬಾಗಿಲಿನ ಮುಂದೆ ಎಂಟು ಮಕ್ಕಳು ನೀಲಿ ಮೇಲಂಗಿ ಹಾರಿಸಿಕೊಂಡು ನಿಂತರು. ಬೆಂಗಳೂರಿನ ಕಡೆಯ ಒಬ್ಬ ಬ್ಯಾಂಕಿನವರು ವಿಡಿಯೋ ಕ್ಯಾಮೆರಾದಲ್ಲಿ ಹಿಡಿದರು. ಅಲ್ಲಿಯ ಗೈಡ್ ಹೆಂಗಸಿಗೆ ಸಿನಿಮಾದ ಹೆಸರೂ ಗೊತ್ತಿರಲಿಲ್ಲ. ಅವಳು ನಾನೂರು ವರ್ಷದ ಹಿಂದಿನ ಯಾರೋ ರಾಜನ ಕಥೆ ಹೇಳುತ್ತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ನನ್ನ ಸುತ್ತ ನಿಂತಿದ್ದರು. ನನ್ನ ಕೈಯಲ್ಲಿ ಟೈಪ್ ಮಾಡಿದ ಹಾಳೆ ಇತ್ತು.

"ಅಂಕಲ್, ಒಳಗೆ ಮೆಟ್ಟಿಲು ಎಲ್ಲಿ?" ಎಂದ ಒಬ್ಬ ಹುಡುಗ. ಬಾಗಿಲಿನ ಒಳಗೆ ಒಂದು ಸಣ್ಣ ಅಂಗಳ, ಎರಡು ಸೈಕಲ್ಲು, ಕಸದ ಡಬ್ಬಿ ಇದ್ದವು.

"ಮೆಟ್ಟಿಲು ವಿಯೆನ್ನಾದಲ್ಲಿ. ನಾಡಿದ್ದು" ಎಂದೆ.

ಹುಡುಗ ಹಣೆ ಬಡಿದುಕೊಂಡ. ಎಲ್ಲರೂ ನಕ್ಕರು. "ಪ್ರಾಗ್‌ನಲ್ಲಿ ಒಳಗೆ, ವಿಯೆನ್ನಾದಲ್ಲಿ ಹೊರಗೆ. ಅವನಿಗೆ ವೀಸಾ ಬೇಡ" ಎಂದು ನಾನು ಹೇಳಿದೆ. ಇನ್ನೂ ಜೋರಾಗಿ ನಕ್ಕರು. ಒಬ್ಬ ಹೆಂಗಸು "ನೀವು ಭಾರೀ ತಮಾಷೆಯ ಜನ" ಎಂದಳು. ಹತ್ತು ದಿನದಲ್ಲಿ ಆ ಮಾತನ್ನು ನಾನು ನಾಲ್ಕು ಸಲ ಹೇಳಿದೆ. ಪ್ರತಿ ಸಲವೂ ನಗು ಬಂತು. ಅದು ಯಾರ ಮಾತು ಎಂದು ಒಂದು ಸಲವೂ ಹೇಳಲಿಲ್ಲ. ಮ್ಯಾನೇಜರನ್ನು ಬೈಯುವ ಯೋಗ್ಯತೆ ನನಗೆಲ್ಲಿ ಉಳಿಯಿತು?

ಸುಳ್ಳು ಹೇಳುವುದಿಲ್ಲ, ಊರುಗಳು ಚೆನ್ನಾಗಿದ್ದವು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಕಲ್ಲು ಹಾಸಿದ ಬೀದಿಗಳು, ಕಿಟಕಿಯ ಕೆಳಗೆ ಹೂವಿನ ಕುಂಡಗಳು, ಬೇಕಾದವರು ಬೇಕಾದಲ್ಲಿ ಹತ್ತಿ ಇಳಿಯುವ ಟ್ರಾಮುಗಳು. ಅವಳು ಪೆನ್ಸಿಲ್ಲಿನಲ್ಲಿ ಬರೆದ ದೀಪದ ಕಂಬ ಅವಳು ಬರೆದ ಹಾಗೆಯೇ ನಿಂತಿತ್ತು. ಅದನ್ನು ಮುಟ್ಟಿ ನೋಡಿದೆ. ಹಿಂದಿನಿಂದ ಯಾರೋ ಸ್ಮೈಲ್ ಎಂದರು. ನಾನು ಮುಗುಳ್ನಕ್ಕೆ.

ಬುಡಾಪೆಸ್ಟಿನಲ್ಲಿ ಹೀರೋ ಹೊಳೆಗೆ ಬೀಳುವ ಸೇತುವೆಯ ಮೇಲೆ ಎಲ್ಲರೂ ಒಂದು ಗಂಟೆ ಕಳೆದರು. ಎರಡೂ ತುದಿಯಲ್ಲಿ ಕಲ್ಲಿನ ಸಿಂಹಗಳಿದ್ದ ಪ್ರಸಿದ್ಧ ಸೇತುವೆ, ಎಲ್ಲ ಪುಸ್ತಕಗಳ ಮುಖಪುಟದಲ್ಲೂ ಅದೇ. ಮಕ್ಕಳು ಸಿಂಹದ ಕೆಳಗೆ ಕೈ ಚಾಚಿ ಬೀಳುವ ಹಾಗೆ ನಟಿಸಿದರು. ನನ್ನನ್ನೂ ನಿಲ್ಲಿಸಿ ಒಂದು ಫೋಟೋ ತೆಗೆದರು. ಅದು ಮಗಳಿಗೆ ಎಂದುಕೊಂಡು ನಾನೂ ಒಂದು ಕೈ ಮೇಲೆತ್ತಿ ನಿಂತೆ.

ವಾಪಸು ಬಂದು ಒಂದು ವಾರ ನಾನು ಫೋಟೋ ತೊಳೆಸಲಿಲ್ಲ. ಮಗಳು ಏನೂ ಕೇಳಲಿಲ್ಲ. ತಂದಿದ್ದ ಚಾಕಲೇಟನ್ನು ತಿಂದಳು, ಪ್ರಾಗ್‌ನ ಮರದ ಗೊಂಬೆಯನ್ನು ಶೋಕೇಸಿನಲ್ಲಿಟ್ಟಳು, ಶಾಲೆ ಶುರುವಾಗುತ್ತದೆಂದು ಪುಸ್ತಕಗಳಿಗೆ ಬೈಂಡ್ ಹಾಕಿದಳು. ಕೊನೆಗೆ ಹೆಂಡತಿಯೇ ರೋಲನ್ನು ಸ್ಟುಡಿಯೋಕ್ಕೆ ಕೊಟ್ಟು ತೊಳೆಸಿ ತಂದಳು. ಒಂದು ಸಂಜೆ ಮಗಳು ಫೋಟೋಗಳನ್ನು ನೆಲದ ಮೇಲೆ ಸಾಲಾಗಿ ಹರಡಿದಳು. ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟಳು. ಸೇತುವೆಯ ಫೋಟೋ ಬಂದಾಗ ನಿಂತಳು.

"ಪಪ್ಪ, ಇದು ಅಲ್ಲ."

"ಎಂತದ್ದು?"

"ಇದು ಅವನು ಬೀಳುವ ಬ್ರಿಜ್ ಅಲ್ಲ. ಇದು ಸಿಂಹದ್ದು. ಅವನು ಬೀಳುದು ಅದರ ಆಚೆಯದ್ದರಿಂದ, ಕಬ್ಬಿಣದ ಹಸಿರು ಬ್ರಿಜ್." ಅವಳು ಎದ್ದು ಹೋಗಿ ನೋಟ್‌ಬುಕ್ ತಂದು ಪುಟ ತೆರೆದಳು. ಬಲಪುಟದಲ್ಲಿ ಅವಳ ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಎರಡು ಗೆರೆ ಎಳೆದಿದ್ದಳು: ಸಿಂಹದ ಸೇತುವೆ ಅಲ್ಲ, ಎಲ್ಲರೂ ಹಾಗೆ ತಪ್ಪು ತಿಳಿಯುತ್ತಾರೆ. "ನಾನು ಬರ್ದಿದ್ದೆ. ನೀವು ಓದ್ಲಿಲ್ವಾ?"

ಓದಿರಲಿಲ್ಲ. ಸುತ್ತೋಲೆ ಟೈಪ್ ಮಾಡುವಾಗ ಬುಡಾಪೆಸ್ಟ್, ಸೇತುವೆ ಎಂದಿಷ್ಟು ನೋಡಿ, ಆಫೀಸಿನಲ್ಲಿದ್ದ ಪುಸ್ತಕದಿಂದ ಸಿಂಹದ ಚಿತ್ರ ಕತ್ತರಿಸಿ ಅಂಟಿಸಿದ್ದೆ. ಇಡೀ ನೋಟ್‌ಬುಕ್ಕನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ್ದೆನೇ ಹೊರತು ಕೂತು ಒಂದು ಸಲ ಓದಿರಲಿಲ್ಲ. ಈಗ ಬೈಯುತ್ತಾಳೆ, ಈಗಲಾದರೂ ಅಳುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನು ನಿಜ ಹೇಳಿಬಿಡುತ್ತಿದ್ದೆನೋ ಏನೋ.

ಅವಳು ಬೈಯಲಿಲ್ಲ. ಒಂದು ಬಿಳಿ ಹಾಳೆ ತೆಗೆದು ಸರಿಯಾದ ಸೇತುವೆಯ ಹೆಸರನ್ನು, ಸಿಂಹದ ಸೇತುವೆಯಿಂದ ಅದಕ್ಕೆ ಹೋಗುವ ದಾರಿಯನ್ನು ನಕ್ಷೆಯ ಹಾಗೆ ಬರೆದು ನನ್ನ ಕೈಗೆ ಕೊಟ್ಟಳು.

"ಇದು ಆಫೀಸಿಗೆ ತಕೊಂಡು ಹೋಗಿ ಪಪ್ಪ. ಮುಂದಿನ ವರ್ಷ ಹೋಗುವವರಿಗೆ ಸರಿಯಾದ ಜಾಗ ತೋರಿಸಿ. ಅವರಿಗಾದ್ರೂ ವೀಸಾ ಸಿಗ್ತದಲ್ಲ."

ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ನಾನು ಮೊದಲು ಮಾಡಿದ ಕೆಲಸ ಅದು. ಸುತ್ತೋಲೆಯಲ್ಲಿ ಸೇತುವೆಯ ಹೆಸರು ತಿದ್ದಿ, ಚಿತ್ರ ಬದಲಿಸಿ, ಹೊಸ ಪ್ರತಿಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿ "ಭೇಷ್, ನೀವೇ ಹೋಗಿ ನೋಡಿ ಬಂದದ್ದು ಒಳ್ಳೇದಾಯ್ತು" ಎಂದರು. ನಾನು ತಲೆಯಾಡಿಸಿದೆ. ಸಂಜೆ ಮನೆಗೆ ಬಂದಾಗ ಮಗಳು ಹೋಮ್‌ವರ್ಕ್ ಮಾಡುತ್ತಿದ್ದಳು. ಸರಿ ಮಾಡಿದೆ ಮಗಾ ಎಂದೆ.

ಅವಳು ತಲೆ ಎತ್ತಿ ನೋಡಿ, "ಥ್ಯಾಂಕ್ಸ್ ಪಪ್ಪ" ಎಂದಳು.